ಟೀ ಅಂಗಡಿಯ ಮುಂದೆ ಎರಡು ನಿಮಿಷ

ನಾನು ಲಿಫ್ಟ್ ರಿಪೇರಿ ಮಾಡುವವನು. ಇಪ್ಪತ್ತೆರಡು ವರ್ಷಗಳಿಂದ ಬೆಂಗಳೂರಿನ ಉದ್ದಗಲ ಸ್ಕೂಟರಿನಲ್ಲಿ ಅಲೆದಿದ್ದೇನೆ; ಬೆಳಗ್ಗೆ ಯಶವಂತಪುರ, ಮಧ್ಯಾಹ್ನ ಜಯನಗರ, ಸಂಜೆ ವೈಟ್‌ಫೀಲ್ಡ್. ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ನಮ್ಮ ಮನೆಗೆ ಯಾರೇ ಬಂದರೂ ಮೊದಲು ನೀರು, ಅದರ ಬೆನ್ನಿಗೇ ಚಹಾ. ಕಾಫಿಪುಡಿಯ ಡಬ್ಬಿಯನ್ನು ನಾನು ಆ ಮನೆಯಲ್ಲಿ ಕಂಡಿದ್ದೇ ಇಲ್ಲ. ಇಲ್ಲಿಗೆ ಬಂದರೆ ಊರಿಗೆ ಊರೇ ಫಿಲ್ಟರ್ ಕಾಫಿಯ ಭಜನೆ ಮಾಡುತ್ತಿತ್ತು. ಕೆಲಸ ಕಲಿಸಿದ ಮೇಸ್ತ್ರಿ, "ಬೆಂಗಳೂರಿನಲ್ಲಿ ಟೀ ಕೇಳುವುದೂ ಒಂದೇ, ಧಾರವಾಡಕ್ಕೆ ಹೋಗಿ ಮೈಸೂರುಪಾಕು ಕೇಳುವುದೂ ಒಂದೇ ಕಣಯ್ಯಾ" ಎಂದು ನಕ್ಕಿದ್ದರು. ಆ ಮಾತಿಗೆ ಉತ್ತರ ಕೊಡುವ ಹಟದಲ್ಲೇ ಟೀ ಹುಡುಕಾಟ ಶುರುವಾಯಿತು ಎನ್ನಬಹುದು.

ನನ್ನ ಸರ್ವಿಸ್ ಡೈರಿಯ ಮುಂದಿನ ಪುಟಗಳಲ್ಲಿ ಯಾವ ಕಟ್ಟಡ, ಏನು ದೋಷ, ಯಾವ ಭಾಗ ಬದಲಿಸಿದೆ ಎಂಬ ಲೆಕ್ಕವಿರುತ್ತದೆ. ಹಿಂದಿನ ಪುಟಗಳು ಟೀಗೆ ಮೀಸಲು: ತಾರೀಖು, ಜಾಗ, ಗಂಟೆ, ಒಂದು ಸಾಲಿನ ಅಭಿಪ್ರಾಯ. ನಾಲ್ಕಾರು ವರ್ಷ ಕಳೆದ ಮೇಲೆ ತಿರುವಿ ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಂದೇ ಅಂಗಡಿಯ ಬಗ್ಗೆ ಒಂದು ಪುಟದಲ್ಲಿ "ಅಮೃತ" ಎಂದು ಬರೆದಿದ್ದೆ, ಇನ್ನೊಂದರಲ್ಲಿ "ಚಪ್ಪಲಿ ನೆನೆಸಿದ ನೀರು" ಎಂದು ಬರೆದಿದ್ದೆ. ವ್ಯತ್ಯಾಸವಿದ್ದದ್ದು ಗಂಟೆಯಲ್ಲಿ. ಅಂದಿನಿಂದ ಒಳ್ಳೆಯ ಅಂಗಡಿ ಹುಡುಕುವುದನ್ನು ಬಿಟ್ಟು, ಅಂಗಡಿಯ ಒಳ್ಳೆಯ ಗಳಿಗೆ ಹುಡುಕತೊಡಗಿದೆ.

ಆದ್ದರಿಂದ ನನ್ನ ಮೊದಲ ಸಲಹೆ: ಟೀ ಹೇಳುವ ಮೊದಲು ಎರಡು ನಿಮಿಷ ಸುಮ್ಮನೆ ನಿಂತು ನೋಡಿ. ಫೋನ್ ಬಂದಿದೆ ಎಂಬಂತೆ ನಟಿಸಿದರೂ ಸರಿ. ಒಲೆಯ ಮೇಲಿನ ಪಾತ್ರೆ ಯಾವ ಸ್ಥಿತಿಯಲ್ಲಿದೆ? ಸಣ್ಣ ಉರಿಯಲ್ಲಿ ಬಹಳ ಹೊತ್ತಿನಿಂದ ಕುದಿಯುತ್ತಾ ಕೂತ ಟೀಯ ಬಣ್ಣ ಇಟ್ಟಿಗೆಗಿಂತ ಗಾಢವಾಗಿರುತ್ತದೆ, ಪಾತ್ರೆಯ ಅಂಚಿನಲ್ಲಿ ಒಣಗಿದ ಕಂದು ಗೆರೆಗಳು ಒಂದರ ಕೆಳಗೊಂದು ಮೂಡಿರುತ್ತವೆ. ಅದನ್ನು ಬಿಟ್ಟುಬಿಡಿ. ಅಂಗಡಿಯವನು ಪಾತ್ರೆ ತೊಳೆದು ಹೊಸದಾಗಿ ನೀರಿಡುತ್ತಿದ್ದರೆ ಕಾಯಿರಿ, ಹತ್ತು ನಿಮಿಷವಾದರೂ ಚಿಂತೆಯಿಲ್ಲ. ಆಮೇಲೆ ಅಂಗಡಿಯ ಪಕ್ಕದ ಬಕೆಟ್ಟು ನೋಡಿ. ಕತ್ತರಿಸಿ ಬಿಸಾಡಿದ ಹಾಲಿನ ಪ್ಯಾಕೆಟ್‌ಗಳ ರಾಶಿಯೇ ಆ ಅಂಗಡಿಯ ನಿಜವಾದ ಲೆಕ್ಕಪುಸ್ತಕ. ಬೆಳಗಿನ ಹನ್ನೊಂದಕ್ಕೆ ಅದು ತುಂಬಿದ್ದರೆ ಅಲ್ಲಿ ಟೀ ಹಳೆಯದಾಗಲು ಪುರುಸೊತ್ತೇ ಇಲ್ಲ ಎಂದರ್ಥ. ಸೋಸುವ ಬಟ್ಟೆ ಕಂದುಗಟ್ಟಿದೆ ಎಂದು ಮುಖ ಸಿಂಡರಿಸಬೇಡಿ, ಅದರ ಸ್ವಭಾವವೇ ಅದು. ಹುಳಿ ವಾಸನೆ ಬಂದರೆ ಮಾತ್ರ ಅಲ್ಲಿಂದ ಹೊರಡಿ. ಆಟೋದವರು ಗುಂಪುಗೂಡಿದ ಕಡೆ ಟೀ ಚೆನ್ನಾಗಿರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಅವರು ನಿಲ್ಲುವುದು ಗಾಡಿ ನಿಲ್ಲಿಸಲು ಜಾಗವಿದ್ದ ಕಡೆ.

ಗಂಟೆಯ ಲೆಕ್ಕ ಹೇಳುವುದಾದರೆ ಬೆಳಗಿನ ಆರೂವರೆ, ಹನ್ನೊಂದಕ್ಕೆ ಹದಿನೈದು ನಿಮಿಷ ಮುಂಚೆ, ಸಂಜೆ ನಾಲ್ಕು. ಊಟವಾದ ಮೇಲಿನ ಎರಡೂವರೆಯ ಟೀಯಷ್ಟು ಅನಾಥವಾದ ವಸ್ತು ಈ ನಗರದಲ್ಲಿ ಇನ್ನೊಂದಿಲ್ಲ.

ಹಳತಾದ ಟೀ ಯಾಕೆ ಕೆಡುತ್ತದೆ ಎಂಬುದಕ್ಕೆ ಕಾರಣ ಪುಡಿಯಲ್ಲೇ ಇದೆ. ಬೀದಿಯಲ್ಲಿ ನಾವು ಕುಡಿಯುವುದೆಲ್ಲ ಬಹುಪಾಲು ಸಿಟಿಸಿ ಪುಡಿ. ಅದನ್ನು ಮಾಡುವ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು: ಹಲ್ಲುಗಳಿರುವ ಎರಡು ಉರುಳೆಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ, ನಡುವೆ ಸಿಕ್ಕ ಎಲೆ ಜಜ್ಜಿ, ಹರಿದು, ಸುರುಳಿಯಾಗಿ ಕಾಳಾಗುತ್ತದೆ. ಯಂತ್ರದ ಮಟ್ಟಿಗೆ ನನಗೆ ಬಹಳ ಇಷ್ಟವಾದ ಕಲ್ಪನೆ. ಅಷ್ಟು ನಜ್ಜುಗುಜ್ಜಾದ ಎಲೆ ತನ್ನೊಳಗಿನ ಬಹುಪಾಲನ್ನು ಎರಡು ಮೂರು ನಿಮಿಷದಲ್ಲೇ ನೀರಿಗೆ ಬಿಟ್ಟುಕೊಡುತ್ತದೆ. ಆಮೇಲೂ ಕುದಿಸುತ್ತಾ ಹೋದರೆ ಕಂಪು ಹಾರಿಹೋಗಿ ಒಗರು ಮಾತ್ರ ಏರುತ್ತದೆ. ಹಾಲಿನ ಪ್ರೋಟೀನು ಆ ಒಗರನ್ನು ಹಿಡಿದುಕೊಂಡು ಮೆತ್ತಗೆ ಮಾಡುತ್ತದೆ ನಿಜ, ಆದರೆ ಅದಕ್ಕೂ ಒಂದು ಮಿತಿ ಇದೆ.

ಟೀ ಹೇಳುವ ರೀತಿಯಲ್ಲೂ ಸ್ವಲ್ಪ ಜಾಣತನ ಬೇಕು. ಹೊಸ ಅಂಗಡಿಯಲ್ಲಿ ಯಾವಾಗಲೂ ಬೈ ಟು ಹೇಳಿ. ಬೆಂಗಳೂರು ಲೋಕಕ್ಕೆ ಕೊಟ್ಟ ದೊಡ್ಡ ಕಾಣಿಕೆ ಅದು. ಚೆನ್ನಾಗಿದ್ದರೆ ಇನ್ನೊಂದು ಬೈ ಟು, ಕೆಟ್ಟದಾಗಿದ್ದರೆ ನಷ್ಟದಲ್ಲಿ ಗೆಳೆಯನಿಗೂ ಅರ್ಧ ಪಾಲು. ಸಕ್ಕರೆಯನ್ನು ಪಾತ್ರೆಗೇ ಹಾಕಿ ಕುದಿಸುವ ಅಂಗಡಿಯಲ್ಲಿ "ಸಕ್ಕರೆ ಕಡಿಮೆ" ಎನ್ನುವುದು ವ್ಯರ್ಥ. ದರ್ಶಿನಿಗಳಲ್ಲಿ ಡಿಕಾಕ್ಷನ್ ಬೇರೆ, ಬಿಸಿ ಹಾಲು ಬೇರೆ ಇರುವುದರಿಂದ ಅಲ್ಲಿ "ಸ್ಟ್ರಾಂಗ್" ಎಂದರೆ ಕೆಲಸವಾಗುತ್ತದೆ. ಕಾಫಿಗೇ ಹೆಸರಾದ ಹಳೆಯ ಹೋಟೆಲುಗಳಲ್ಲಿ ದಯವಿಟ್ಟು ಕಾಫಿಯನ್ನೇ ಕುಡಿಯಿರಿ. ನಾನೂ ಅಷ್ಟು ಮತಾಂಧನಲ್ಲ.

ಕಾಗದದ ಲೋಟ ಬೇಡ, ಗಾಜಿನದು ಕೇಳಿ. ಕಾಗದದ ಒಳಗಿನ ಲೇಪದ ವಾಸನೆ ಏಲಕ್ಕಿಯನ್ನೂ ಮೀರಿ ಮೂಗಿಗೆ ಬರುತ್ತದೆ. ಲೋಟ ಕೈಗೆ ಬಂದ ಕೂಡಲೇ ಕುಡಿಯಬೇಡಿ. ಮೋಟಾರಿನ ಬಿಸಿ ಅಳೆಯಲು ನನ್ನ ಬ್ಯಾಗಿನಲ್ಲಿ ತಂತಿಯ ತುದಿಯ ಥರ್ಮಾಮೀಟರ್ ಇರುತ್ತದೆ. ಒಮ್ಮೆ ಅದನ್ನು ತೊಳೆದು ಲೋಟಕ್ಕೆ ಇಳಿಬಿಟ್ಟೆ, ಅಂಗಡಿಯವನು ನನ್ನನ್ನು ಆಹಾರ ಇಲಾಖೆಯವನೆಂದು ತಿಳಿದು ಎದ್ದು ನಿಂತ. ಅರವತ್ತು ಡಿಗ್ರಿಯ ಆಸುಪಾಸಿಗೆ ಇಳಿದಾಗ ರುಚಿ ಬಿಚ್ಚಿಕೊಳ್ಳುತ್ತದೆ ಎಂಬುದು ನನ್ನ ನಾಲಗೆಯ ತೀರ್ಮಾನ. ನಮ್ಮ ಅಪ್ಪ ಥರ್ಮಾಮೀಟರ್ ಇಲ್ಲದೆಯೇ ಇದನ್ನು ತಿಳಿದಿದ್ದರು. ಬಸಿಗೆ ಸುರಿದು, ಒಮ್ಮೆ ಊದಿ, ಸೊರ್ರೆಂದು ಎಳೆಯುತ್ತಿದ್ದರು.

ಎಲ್ಲಿಗೆ ಹೋಗಬೇಕು ಎಂದು ಕೇಳುವವರಿಗೆ ಎರಡು ಜಾಗ ಹೇಳುತ್ತೇನೆ. ಒಂದು, ಬೆಳಕು ಹರಿಯುವ ಮುನ್ನ ಕೆ.ಆರ್. ಮಾರುಕಟ್ಟೆ. ಸೇವಂತಿಗೆ ಮೂಟೆಗಳ ನಡುವೆ ಸೈಕಲ್ಲಿನಲ್ಲಿ ಫ್ಲಾಸ್ಕು ಕಟ್ಟಿಕೊಂಡು ಬರುವವರ ಟೀ. ಸತ್ಯ ಹೇಳುತ್ತೇನೆ, ಆ ಟೀ ಅಷ್ಟೇನೂ ಚೆನ್ನಾಗಿರುವುದಿಲ್ಲ, ಸಕ್ಕರೆಯ ಪಾನಕ. ಆದರೆ ಚಳಿ, ಹೂವಿನ ಹಸಿ ವಾಸನೆ, ಹರಾಜಿನ ಕೂಗು, ಕೈಯಲ್ಲಿ ಸುಡುವ ಪುಟ್ಟ ಲೋಟ ಇವೆಲ್ಲ ಸೇರಿದರೆ ನಾಲಗೆ ತಕರಾರು ತೆಗೆಯುವುದಿಲ್ಲ. ಎರಡು, ಶಿವಾಜಿನಗರದಲ್ಲಿ ಹೊಟ್ಟೆ ತುಂಬ ಬಿರಿಯಾನಿ ತಿಂದ ಮೇಲಿನ ಸುಲೈಮಾನಿ. ಹಾಲಿಲ್ಲದ ಟೀಗೆ ನಿಂಬೆರಸ ಬಿದ್ದೊಡನೆ ಕಡುಗೆಂಪು ಬಣ್ಣ ಜೇನಿನಂತೆ ತಿಳಿಯಾಗುವುದನ್ನು ನೋಡುವುದಕ್ಕಾದರೂ ಗಾಜಿನ ಲೋಟದಲ್ಲೇ ಕೇಳಬೇಕು. ಹುಳಿ ತಾಕಿದರೆ ಟೀಯ ಬಣ್ಣವೇ ಬದಲಾಗುತ್ತದೆ. ಸಂಜೆ ಮಳೆ ಹಿಡಿದರೆ ಎಲ್ಲಿದ್ದೀರೋ ಅಲ್ಲೇ ಹತ್ತಿರದ ಬೇಕರಿ, ಖಾರಾ ಬನ್ನು, ಒಂದು ಟೀ. ಅದಕ್ಕೆ ಮಾರ್ಗದರ್ಶನ ಬೇಕಿಲ್ಲ.

ಈಗ ನೀರಿನ ವಿಷಯ. ಟೀ ಬಗ್ಗೆ ಮಾತನಾಡುವವರು ಪುಡಿ, ಹಾಲು, ಶುಂಠಿ ಎಂದೆಲ್ಲ ಹೇಳುತ್ತಾರೆ. ಲೋಟದಲ್ಲಿರುವುದರಲ್ಲಿ ಅರ್ಧಕ್ಕರ್ಧ ನೀರು ಎಂಬುದನ್ನು ಮರೆಯುತ್ತಾರೆ. ನನಗೆ ಅದನ್ನು ಕಲಿಸಿದವನು ವೈಟ್‌ಫೀಲ್ಡ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಕಾವಲುಗಾರ, ಅಸ್ಸಾಮಿನ ಹುಡುಗ. 2024ರ ಮಾರ್ಚ್, ಊರಿಗೆಲ್ಲ ನೀರಿನ ಬರ. ಆ ಕಟ್ಟಡ ಪೂರ್ತಿ ಟ್ಯಾಂಕರ್ ನೀರಿನ ಮೇಲೆ ನಿಂತಿತ್ತು. ಲಿಫ್ಟಿನ ಕೆಲಸ ಮುಗಿಸಿ ಗೇಟಿನ ಬಳಿ ಕೂತಿದ್ದೆ. ಅಲ್ಲಿನ ಕಚೇರಿಯವರು ಕೊಟ್ಟ ಟೀಯ ಮೇಲೆ ಕೆರೆಯ ಪಾಚಿಯಂಥ ಪೊರೆ ಕಟ್ಟಿತ್ತು, ಲೋಟ ಅಲ್ಲಾಡಿಸಿದರೆ ಗಾಜಿನಂತೆ ಬಿರುಕು ಬಿಡುತ್ತಿತ್ತು. ಹುಡುಗ ಅದನ್ನು ನೋಡಿ, "ಅಣ್ಣಾ, ಅದನ್ನು ಚೆಲ್ಲಿಬಿಡಿ" ಎಂದ. ತನ್ನ ಕೋಣೆಯಿಂದ ಒಂದು ಕ್ಯಾನ್ ತಂದ. ಕುಡಿಯುವ ನೀರಿನ ಕ್ಯಾನು, ಅದರಲ್ಲಿ ಎರಡು ಲೀಟರಿನಷ್ಟು ಟೀಗೆಂದೇ ಬಚ್ಚಿಟ್ಟಿದ್ದ. ಸ್ನಾನಕ್ಕೆ ಅರ್ಧ ಬಕೆಟ್ಟೂ ಸಿಗದ ದಿನಗಳವು.

ಪುಡಿ ಅವನ ಊರಿನದು, ಮನೆಯ ಹಿಂದಿನ ತುಂಡು ಜಮೀನಿನಲ್ಲಿ ಅವನ ಮಾವ ಬೆಳೆದ ಎಲೆಯಂತೆ. ನೀರು ಕುದಿಸಿದ, ಒಲೆ ಆರಿಸಿದ, ಚಿಟಿಕೆಯಷ್ಟು ಎಲೆ ಹಾಕಿ ತಟ್ಟೆ ಮುಚ್ಚಿದ. ಹಾಲಿಲ್ಲ. ಅವರ ಕಡೆ ಇದಕ್ಕೆ ಲಾಲ್ ಸಾಹ್ ಎನ್ನುತ್ತಾರೆ, ಕೆಂಪು ಚಹಾ. ಲೋಟದ ತಳದಲ್ಲಿದ್ದ ಹೂವಿನ ಚಿತ್ರ ಟೀಯ ಮೂಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಅದೇ ಎಲೆಯನ್ನು ಟ್ಯಾಂಕರ್ ನೀರಿನಲ್ಲಿ ಮಾಡಿ ಪಕ್ಕದಲ್ಲಿಟ್ಟ, ನನಗೆ ತೋರಿಸುವುದಕ್ಕೆಂದೇ. ಅದು ಮಂಕಾಗಿ, ಮಸಿ ಬೆರೆಸಿದಂತೆ ಕಂಡಿತು. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಅದು ಟೀಯ ಸತ್ವದೊಂದಿಗೆ ಸೇರಿ ಮೇಲೆ ಪೊರೆಯಾಗುತ್ತದೆ, ಬಣ್ಣವನ್ನೂ ಕಂಪನ್ನೂ ಮುಸುಕುತ್ತದೆ. ನೂರು ಕಿಲೋಮೀಟರಿನಷ್ಟು ದೂರದಿಂದ ಪಂಪು ಹೊಡೆದು ತರುವ ಕಾವೇರಿ ನೀರು ಮನೆಗೆ ಬರುವವರು ಪುಣ್ಯವಂತರು, ಟೀಗೆ ಅದನ್ನೇ ಹಿಡಿದಿಡಿ. ಕೊಳವೆಬಾವಿಯ ನೀರೇ ಗತಿಯಾದರೆ ಕುಡಿಯುವ ನೀರಿನ ಕ್ಯಾನು ತನ್ನಿ. ಅದೂ ಇಲ್ಲದಿದ್ದರೆ ಹಾಲು ಹಾಕದೆ ನಾಲ್ಕು ಹನಿ ನಿಂಬೆ ಹಿಂಡಿ, ಪೊರೆ ಮಾಯವಾಗುತ್ತದೆ.

ಮನೆಯಲ್ಲಿ ಇಬ್ಬರಿಗೆ ಮಾಡುವುದಾದರೆ ನನ್ನ ಕ್ರಮ ಹೀಗೆ. ಒಂದೂವರೆ ಲೋಟ ನೀರು, ಒಂದು ಲೋಟ ಹಾಲು. ನೀಲಿ ಪ್ಯಾಕೆಟ್ಟಿನ ನಂದಿನಿ ಸಾಕು. ಶುಭಂ ಹಾಕಿದರೆ ಪಾಯಸದ ಕಡೆಗೆ ವಾಲುತ್ತದೆ. ಶುಂಠಿಯನ್ನು ಜಜ್ಜಿ ನೀರಿಗೇ ಹಾಕಿ ಎರಡು ನಿಮಿಷ ಚೆನ್ನಾಗಿ ಕುದಿಸಿ. ಹಸಿ ಶುಂಠಿಯಲ್ಲಿ ಹಾಲು ಒಡೆಯಿಸುವ ಗುಣವಿದೆ, ಕುದಿದರೆ ಅದು ಅಡಗುತ್ತದೆ. ಶುಂಠಿ ಕೊನೆಗೆ ಹಾಕಿ, ಹಾಲು ಒಡೆದು, ಹಾಲಿನವನನ್ನು ಬೈಯುವ ಮನೆಗಳನ್ನು ನಾನು ಬಹಳ ನೋಡಿದ್ದೇನೆ. ಆಮೇಲೆ ಎರಡು ಚಮಚ ಪುಡಿ, ಎರಡು ನಿಮಿಷ. ಹಾಲು ಹಾಕಿ, ಉಕ್ಕಿ ಬಂದಾಗ ಒಮ್ಮೆ ಇಳಿಸಿ, ಇನ್ನೊಮ್ಮೆ ಉಕ್ಕಿಸಿ, ಸೋಸಿ. ಪುಡಿಯ ಡಬ್ಬಿಯನ್ನು ಇಂಗಿನ ಪಕ್ಕ ಇಡಬೇಡಿ. ನಮ್ಮ ಮನೆಯಲ್ಲಿ ಒಂದು ತಿಂಗಳು ಟೀ ಸಾರಿನ ಒಗ್ಗರಣೆಯಂತೆ ಘಮಘಮಿಸಿತ್ತು, ಕಾರಣ ಗೊತ್ತಾಗುವ ಹೊತ್ತಿಗೆ ಅರ್ಧ ಕಿಲೋ ಮುಗಿದಿತ್ತು.

ಹಾಲಿಲ್ಲದ ಎಲೆ ಟೀಯ ಶಿಸ್ತು ಬೇರೆ. ಮಲ್ಲೇಶ್ವರದ ಹಳೆಯ ಕಟ್ಟಡವೊಂದರಲ್ಲಿ ನಿವೃತ್ತ ಮೇಡಂ ಒಬ್ಬರಿದ್ದರು. ಲಿಫ್ಟ್ ಸರಿಯಾದ ಸಂತೋಷಕ್ಕೆ, "ಏನಪ್ಪಾ, ಹಾಲು ಹಾಕದ ಟೀ ಕುಡಿಯುತ್ತೀಯಾ?" ಎಂದರು. "ಕೊಡಿ ಅಮ್ಮಾ" ಎಂದೆ. ಪಿಂಗಾಣಿ ಪಾತ್ರೆಗೆ ಮೊದಲು ಬರಿ ಬಿಸಿನೀರು ಸುರಿದು, ಚೆಲ್ಲಿ, ಆಮೇಲೆ ಎಲೆ ಹಾಕಿದರು. ಆಗ ಅದು ಮಡಿಯೇನೋ ಎಂದುಕೊಂಡೆ. ಬಳಿಕ ತಿಳಿಯಿತು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ತಣ್ಣಗಿನ ಪಾತ್ರೆಗೆ ಸುರಿದರೆ ಇನ್ನಷ್ಟು ಇಳಿಯುತ್ತದೆ. ಗೋಡೆ ಗಡಿಯಾರ ನೋಡಿ ಸರಿಯಾಗಿ ಮೂರು ನಿಮಿಷಕ್ಕೆ ಬಗ್ಗಿಸಿದರು. ಮೇ, ಜೂನಿನಲ್ಲಿ ಕೊಯ್ದ ಡಾರ್ಜಿಲಿಂಗ್ ಅದು. ನಾನು ಸಕ್ಕರೆ ಕೇಳಿದೆ. ಅವರು ಉತ್ತರ ಕೊಡದೆ ನನ್ನನ್ನೇ ನೋಡಿದರು. ಮೂರನೇ ಗುಟುಕಿಗೆ ಒಣದ್ರಾಕ್ಷಿಯಂಥದ್ದೇನೋ ಮೂಗಿನ ಹಿಂದೆ ಸುಳಿಯಿತು, ಡೈರಿಯಲ್ಲಿ ಅಂದಿನ ಸಾಲು, "ಸಕ್ಕರೆ ಕೇಳಿದ್ದು ತಪ್ಪಾಯಿತು." ಡಾರ್ಜಿಲಿಂಗ್ ದುಬಾರಿ ಎನಿಸಿದರೆ ನೀಲಗಿರಿಯ ಕೂನೂರಿನ ಎಲೆ ಕೊಳ್ಳಿ, ಡಿಸೆಂಬರ್ ಜನವರಿಯ ಹಿಮದ ಕಾಲದ್ದು ಸಿಕ್ಕರೆ ಬಿಡಬೇಡಿ. ನಮ್ಮ ಚಿಕ್ಕಮಗಳೂರಿನ ಕೆಳಗೂರಿನಲ್ಲೂ ಕಾಫಿ ತೋಟಗಳ ನಡುವೆ ಟೀ ಬೆಳೆಯುತ್ತಾರೆ. ಆ ಸೀಮೆಯಲ್ಲಿ ಟೀ ಬೆಳೆದವರ ಧೈರ್ಯಕ್ಕಾದರೂ ಒಂದು ಪೊಟ್ಟಣ ಕೊಳ್ಳಬೇಕು. ಹಸಿರು ಟೀಗೆ ಮಾತ್ರ ಕುದಿನೀರು ಸುರಿಯಬೇಡಿ, ಎಂಬತ್ತಕ್ಕಿಂತ ಕೆಳಗೆ ಆರಲು ಬಿಡಿ. ಅದು ಕಹಿ ಎಂದು ದೂರುವವರು ಎಲೆಯನ್ನು ಸುಟ್ಟವರೇ.

ಅಸ್ಸಾಮಿನ ಹುಡುಗ ಕಳೆದ ವರ್ಷ ಕೆಲಸ ಬಿಟ್ಟು ಊರಿಗೆ ಹೋದ. ಹೋಗುವ ಮುಂಚೆ ಉಳಿದ ಎಲೆಯನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ನನಗೆ ಕೊಟ್ಟ. ಈಗ ತಳದಲ್ಲಿ ಮೂರು ಚಮಚದಷ್ಟಿದೆ. ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ನಾಳೆ ಬರಬೇಕು.