ಅರ್ಧ ನಿಮಿಷ ಸಾಕು ಡಾಕ್ಟ್ರೇ: ಸಿಗರೇಟು ಬಿಡುವ ಮಾತು ಎತ್ತುವುದು ಹೇಗೆ?

ಹೊರಗೆ ಬೆಂಚಿನ ಮೇಲೆ ಇನ್ನೂ ಹದಿನೈದು ಜನ ಕಾಯುತ್ತಿದ್ದಾರೆ. ಎದುರಿಗೆ ಕುಳಿತವರಿಗೆ ಕೆಮ್ಮು, ಅಂಗಿಯಿಂದ ಹೊಗೆಯ ವಾಸನೆ. ಸಿಗರೇಟಿನ ವಿಷಯ ಎತ್ತಿದರೆ ಕಾಲು ಗಂಟೆ ಹೋಗುತ್ತದೆ, ಎತ್ತಿದರೂ ಇವರು ಬಿಡುವವರಲ್ಲ, ಮೇಲಾಗಿ ಮುಖ ಗಂಟಿಕ್ಕುತ್ತಾರೆ ಎಂದುಕೊಂಡು ಕೆಮ್ಮಿಗೆ ಮಾತ್ರೆ ಬರೆದು ಕಳಿಸಿಬಿಡುತ್ತೀರಿ.

ಕಾಲು ಗಂಟೆ ಯಾರೂ ಕೇಳಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ಕಿರು ಸಲಹೆಗೆ ಬೇಕಾದದ್ದು 30 ಸೆಕೆಂಡಿನಿಂದ 3 ನಿಮಿಷ. ಇಷ್ಟರಿಂದ ಏನಾದೀತು ಎನ್ನುವವರು ಮೈಕೆಲ್ ರಸೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದ ಲಂಡನ್ ಅಧ್ಯಯನ ನೋಡಬೇಕು. ಏನೂ ಹೇಳಿಸಿಕೊಳ್ಳದವರಲ್ಲಿ ವರ್ಷಪೂರ್ತಿ ಬಿಟ್ಟಿದ್ದವರು ಶೇ 0.3. ವೈದ್ಯರ ಮಾತು, ಒಂದು ಕರಪತ್ರ, ‘ಮತ್ತೆ ವಿಚಾರಿಸುತ್ತೇವೆ’ ಎಂಬ ಸೂಚನೆ ಸಿಕ್ಕವರಲ್ಲಿ ಶೇ 5.1. ನೂರಕ್ಕೆ ಐದೇ ಎಂದು ಮೂಗು ಮುರಿಯಬೇಡಿ. ವರ್ಷಕ್ಕೆ ನಿಮ್ಮ ಮುಂದೆ ಎಷ್ಟು ಸೇದುವವರು ಕೂರುತ್ತಾರೆ ಎಂದು ಲೆಕ್ಕ ಹಾಕಿ.

ಮೊದಲು, ಕೇಳಿ

ಇದನ್ನು ಬಿಪಿ ನೋಡುವ ನರ್ಸ್ ಕೂಡ ಮಾಡಬಹುದು. ‘ಚಟ ಇದೆಯಾ?’ ಅಂದರೆ ಆರೋಪದಂತೆ ಕೇಳುತ್ತದೆ. ‘ಸಿಗರೇಟು ಸೇದುತ್ತೀರಾ?’ ಸಾಕು. ಉತ್ತರ ಕೇಸ್ ಪೇಪರಿನ ಮೇಲೆ, ಕಣ್ಣಿಗೆ ಬೀಳುವ ಜಾಗದಲ್ಲಿ ಇರಲಿ. ಬಂದಾಗಲೆಲ್ಲ ಕೇಳಿ.

ಆಮೇಲೆ, ಒಂದೇ ವಾಕ್ಯ

ಹೆಚ್ಚಿನವರು ಎಡವುವುದು ಇಲ್ಲೇ. ಒಂದೋ ಕ್ಯಾನ್ಸರ್, ಹೃದಯಾಘಾತ ಅಂತ ಕೊರೆಯುತ್ತಾರೆ, ಇಲ್ಲವೇ ‘ಬಿಡೋಕೆ ಮನಸ್ಸಿದೆಯಾ?’ ಎಂದು ಕೇಳಿ ‘ಇಲ್ಲ’ ಅನ್ನಿಸಿಕೊಂಡು ಸುಮ್ಮನಾಗುತ್ತಾರೆ. ಸಿಗರೇಟು ಕೆಟ್ಟದ್ದೆಂದು ರೋಗಿಗೆ ಗೊತ್ತಿದೆ. ಗೊತ್ತಿಲ್ಲದಿರುವುದು, ಬಿಡಲು ನೆರವು ಸಿಗುತ್ತದೆ ಎಂಬುದು. 2012ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ‘ಆರೋಗ್ಯಕ್ಕೆ ಕೆಟ್ಟದ್ದು, ಬಿಡಿ’ ಎಂದಾಗಿನದಕ್ಕಿಂತ ‘ಬಿಡಲು ನೆರವಾಗುತ್ತೇವೆ’ ಎಂದಾಗ ಹೆಚ್ಚು ಜನ ಪ್ರಯತ್ನಕ್ಕೆ ಕೈಹಾಕಿದ್ದರು.

ಹಾಗಾಗಿ ಮಾತು ಹೀಗಿರಲಿ: ‘ಒಬ್ಬರೇ ಒದ್ದಾಡುವುದಕ್ಕಿಂತ ಔಷಧಿ, ಕೌನ್ಸೆಲಿಂಗ್ ಎರಡೂ ಇದ್ದರೆ ಬಿಡುವುದು ಸುಲಭ. ಏರ್ಪಾಡು ಮಾಡಲೇ?’

‘ಈ ವಯಸ್ಸಿಗೆ ಬಿಟ್ಟೇನು ಪ್ರಯೋಜನ?’ ಎಂದು ಕೇಳುವವರಿರುತ್ತಾರೆ. ಬ್ರಿಟಿಷ್ ವೈದ್ಯರನ್ನೇ 1951ರಿಂದ ಐವತ್ತು ವರ್ಷ ಗಮನಿಸಿದ ರಿಚರ್ಡ್ ಡಾಲ್ ಅವರ ತಂಡದ ಲೆಕ್ಕ ಹೇಳಿ: 60ರಲ್ಲಿ ಬಿಟ್ಟವರಿಗೆ ಸುಮಾರು 3 ವರ್ಷ ಆಯಸ್ಸು ಉಳಿಯಿತು, 50ರಲ್ಲಿ 6, 40ರಲ್ಲಿ 9, 30ರಲ್ಲಿ 10.

ಒಪ್ಪಿದರೆ

ಕೌನ್ಸೆಲರ್ ಇದ್ದರೆ ಅವರ ಬಳಿ ಕಳಿಸಿ. ನಿಮ್ಮ ಅರ್ಧ ನಿಮಿಷ ಮುಗಿಯಿತು. ಇಲ್ಲದಿದ್ದರೆ ಇನ್ನೆರಡು ನಿಮಿಷ ತೆಗೆದಿಡಿ.

‘ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು?’ ಎಂದು ಕೇಳಿ. ಅರ್ಧ ಗಂಟೆಯೊಳಗೆ ಎಂದರೆ ನಿಕೋಟಿನ್ ಹಿಡಿತ ಗಟ್ಟಿಯಾಗಿದೆ. ನಿಕೋಟಿನ್ ಇರುವ ಚೂಯಿಂಗ್ ಗಮ್ ಕೊಡುವುದಾದರೆ 2 ಮಿ.ಗ್ರಾಂ. ಬದಲು 4 ಮಿ.ಗ್ರಾಂ. ಬೇಕಾಗುತ್ತದೆ. ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಒಂದನ್ನೇ ಕೊಡುವುದಕ್ಕಿಂತ ಜೊತೆಗೆ ಗಮ್ ಕೊಟ್ಟರೆ ಫಲ ಹೆಚ್ಚು. ಗಮ್ ಕೆಲಸ ಮಾಡಲಿಲ್ಲ ಎನ್ನುವವರನ್ನು ಹೇಗೆ ಅಗಿದಿರಿ ಎಂದು ವಿಚಾರಿಸಿ. ಇದನ್ನು ಮಾಮೂಲಿ ಗಮ್‌ನಂತೆ ಅಗಿಯುವುದಲ್ಲ. ನಿಧಾನವಾಗಿ ಅಗಿದು, ಚುರುಚುರು ಅನ್ನಿಸಿದಾಗ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಚುರು ಇಳಿದ ಮೇಲೆ ಮತ್ತೆ ಅಗಿಯಬೇಕು. ಅಗಿಯುವ ಕಾಲು ಗಂಟೆ ಮೊದಲಿನಿಂದ ಕಾಫಿ, ಹಣ್ಣಿನ ರಸ ಬೇಡ. ಬಾಯಿ ಹುಳಿಯಾದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ.

ವರೆನಿಕ್ಲಿನ್, ಸೈಟಿಸಿನ್, ಬುಪ್ರೊಪಿಯಾನ್ ಮಾತ್ರೆಗಳೂ ಇವೆ. ಫಿಟ್ಸ್ ಬರುವವರಿಗೆ ಬುಪ್ರೊಪಿಯಾನ್ ಕೊಡಕೂಡದು. ಸುಲಭವಾಗಿ ಮರೆತುಹೋಗುವ ಇನ್ನೊಂದು ಸಂಗತಿ: ಹೊಗೆಯಲ್ಲಿನ ರಾಸಾಯನಿಕಗಳು ಯಕೃತ್ತಿನ ಕಿಣ್ವವೊಂದನ್ನು ಚುರುಕುಗೊಳಿಸಿರುತ್ತವೆ. ಸೇದುವುದು ನಿಂತರೆ ಆ ಚುರುಕು ತಗ್ಗಿ, ಉಬ್ಬಸಕ್ಕೆ ಕೊಡುವ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್‌ನಂಥ ಔಷಧಿಗಳ ಪ್ರಮಾಣ ರಕ್ತದಲ್ಲಿ ಏರುತ್ತದೆ. ಅಂಥವರ ಡೋಸ್ ಮೊದಲೇ ಮರುಪರಿಶೀಲಿಸಿ.

ಬಿಡುವ ದಿನವನ್ನು ರೋಗಿಯೇ ಹೇಳಲಿ, ನೀವು ಬರೆದುಕೊಳ್ಳಿ. ಮೊದಲ ವಾರ ಸಿಡಿಮಿಡಿ, ನಿದ್ದೆಗೇಡು ಜೋರಾಗಿರುತ್ತವೆ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಸೇದಬೇಕೆಂಬ ತುಡಿತ ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಇದನ್ನು ಮೊದಲೇ ಹೇಳಿದ್ದರೆ ಅವರು ಗಾಬರಿಯಾಗುವುದಿಲ್ಲ. ಆ ಮೊದಲ ವಾರದೊಳಗೆ ಒಂದು ಫೋನ್ ಹೋಗಲಿ.

ಒಪ್ಪದಿದ್ದರೆ

‘ಸರಿ, ಯಾವಾಗ ಅನ್ನಿಸಿದರೂ ಬನ್ನಿ.’ ಅಷ್ಟೇ. ವಾದ ಬೇಡ. ಬಿಟ್ಟು ಮತ್ತೆ ಹಿಡಿದವರಿಗೂ ಇದೇ ಸೌಜನ್ಯ ಇರಲಿ. ಹಲವರು ಪೂರ್ತಿ ಬಿಡುವುದು ಎಷ್ಟೋ ಪ್ರಯತ್ನಗಳ ನಂತರವೇ.

ಕಿರಿಯ ವೈದ್ಯರಿಗೆ ಕಲಿಸುವವರು ಇದರ ಮೇಲೆ ಗಂಟೆಗಟ್ಟಲೆ ಉಪನ್ಯಾಸ ಇಡುವ ಬದಲು ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರನ್ನು ಸಿಡುಕಿನ ರೋಗಿಯನ್ನಾಗಿ ಮಾಡಿ, ಕೈಯಲ್ಲಿ ಗಡಿಯಾರ ಹಿಡಿಯಿರಿ. ಮೊದಲ ಸಲ ಮಾತು ತಡವರಿಸುತ್ತದೆ, ಎರಡು ನಿಮಿಷ ದಾಟುತ್ತದೆ. ನಾಲ್ಕೈದು ಸಲ ಆಡಿದ ಮೇಲೆ ಮತ್ತೆ ಗಡಿಯಾರ ನೋಡಿ.