ಹೊರಡುವ ಮುಂಚೆ ಹದಿನೈದು ದಿನ ಮನೆಯಲ್ಲೇ ಇಲ್ಲದಂತೆ ಇರಿ

ನಾನು ನರ್ಸ್. ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಎರಡು ವರ್ಷ ಆಫ್ರಿಕಾದ ಮಲಾವಿಯಲ್ಲಿ, ಒಂದು ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿ ಬಂದಿದ್ದೇನೆ. ಈಗ ಆಗಾಗ ಯಾರಾದರೂ ಹುಡುಗಿ ಫೋನ್ ಮಾಡುತ್ತಾಳೆ. "ಅಕ್ಕಾ, ನಾನೂ ಹೋಗಬೇಕಂತ ಮಾಡೇನಿ, ಏನೇನು ತಗೊಂಡು ಹೋಗ್ಲಿ?" ಎಲ್ಲರ ಮೊದಲ ಪ್ರಶ್ನೆ ಸೂಟ್‌ಕೇಸಿನದು. ನನ್ನ ಲೆಕ್ಕದಲ್ಲಿ ಸೂಟ್‌ಕೇಸ್ ಕಡೆಯದು. ಮೊದಲು ಕಾಗದಪತ್ರ, ಆಮೇಲೆ ಮನೆ.

ಸಂಸ್ಥೆ ಆರಿಸುವಾಗ ಒಂದು ವಿಷಯ ಗಟ್ಟಿ ಹಿಡಿಯಿರಿ. 1970ರಲ್ಲಿ ಶುರುವಾದ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆ, 1971ರಲ್ಲಿ ಹುಟ್ಟಿದ ಎಂಎಸ್‌ಎಫ್ (ಗಡಿಗಳಿಲ್ಲದ ವೈದ್ಯರು ಅನ್ನುವ ಸಂಸ್ಥೆ) ಇಂಥವು ಕೆಲಸ ಕೊಡಲು ನಿಮ್ಮಿಂದ ಹಣ ಕೇಳುವುದಿಲ್ಲ. ಯಾರಾದರೂ "ಸೀಟು ಹಿಡಿಯಲು ಇಷ್ಟು ಕಟ್ಟಿ" ಅಂದರೆ ಅಲ್ಲಿಗೇ ಬಿಟ್ಟುಬಿಡಿ. ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ಐದು ವಿಷಯ ಬರಹದಲ್ಲಿ ಕೇಳಿ: ಇರಲು ಮನೆ, ತಿಂಗಳ ಭತ್ಯೆ, ಹೋಗಿ ಬರುವ ಟಿಕೆಟ್, ರಜೆ, ವಿಮೆ. ತೀರಾ ಕಾಯಿಲೆ ಬಿದ್ದರೆ ಬೇರೆ ದೇಶಕ್ಕೆ ಸಾಗಿಸಿ ಚಿಕಿತ್ಸೆ ಕೊಡಿಸುವ ಖರ್ಚೂ ವಿಮೆಯಲ್ಲಿರಬೇಕು. ಸಂಕೋಚ ಬೇಡ. ಸೇವೆಗೆ ಹೋಗುವವರು ಇದನ್ನೆಲ್ಲ ಕೇಳಬಾರದು ಅಂತ ಎಲ್ಲೂ ಇಲ್ಲ.

ಕಾಗದದ ಕೆಲಸ ಆರು ತಿಂಗಳ ಮುಂಚೆ ಶುರು ಮಾಡಿ. 36 ಪುಟದ ಪಾಸ್‌ಪೋರ್ಟಿಗೆ 1500 ರೂಪಾಯಿ, ದೊಡ್ಡವರಿಗೆ ಹತ್ತು ವರ್ಷ ನಡೆಯುತ್ತದೆ. ಈಗಾಗಲೇ ಇದ್ದರೆ ಅವಧಿ ನೋಡಿಕೊಳ್ಳಿ. ಬಹಳ ದೇಶಗಳು ಇನ್ನೂ ಆರು ತಿಂಗಳಾದರೂ ಉಳಿದಿರಬೇಕು ಅನ್ನುತ್ತವೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟಿಗೂ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು.

ನಮ್ಮ ಕಡೆಯವರಿಗೆ ಒಂದು ತೊಡಕಿದೆ, ನಾನು ಸಿಕ್ಕಿಬಿದ್ದಿದ್ದು ಅದರಲ್ಲೇ. ನಾನು ಹುಟ್ಟಿದ್ದು 1991ರಲ್ಲಿ. ಆಗ ಬಾಗಲಕೋಟೆ ಬಿಜಾಪುರ ಜಿಲ್ಲೆಯೊಳಗಿತ್ತು. 1997ರಲ್ಲಿ ನಮ್ಮದೇ ಜಿಲ್ಲೆ ಆಯಿತು. 2014ರ ನವೆಂಬರ್ 1ಕ್ಕೆ ಬಿಜಾಪುರದ ಹೆಸರೇ ವಿಜಯಪುರ ಆಯಿತು. ನನ್ನ ಜನನ ಪತ್ರದಲ್ಲಿ ಬಿಜಾಪುರ ಜಿಲ್ಲೆ, ಆಧಾರ್‌ನಲ್ಲಿ ಬಾಗಲಕೋಟೆ ಜಿಲ್ಲೆ, ಕೆಲಸ ಮಾಡಿದ ಆಸ್ಪತ್ರೆಯ ಪತ್ರದಲ್ಲಿ ವಿಜಯಪುರ. ದೂರದ ದೇಶದಲ್ಲಿ ಕೂತು ಫೈಲ್ ನೋಡುವವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು? ಫೈಲ್ ವಾಪಸ್ ಬಂತು, ಎರಡು ತಿಂಗಳು ಹೋಯಿತು. ಕೊನೆಗೆ ವಕೀಲರಿಂದ ಒಂದು ಅಫಿಡವಿಟ್ ಮಾಡಿಸಿದೆ. ಜಿಲ್ಲೆ ಯಾವಾಗ ಬೇರೆಯಾಯಿತು, ಊರಿನ ಹೆಸರು ಯಾವಾಗ ಬದಲಾಯಿತು ಅಂತ ಅರ್ಧ ಪುಟದಲ್ಲಿ ಬರೆಸಿ ಫೈಲಿನ ಮೊದಲಿಗೇ ಇಟ್ಟೆ. ಆಮೇಲೆ ಯಾರೂ ಕೇಳಲಿಲ್ಲ. ಬೆಳಗಾವಿಯವರೂ ಇದೇ ಕೆಲಸ ಮಾಡಿ. ಹಳೇ ಕಾಗದದಲ್ಲೆಲ್ಲ ನಿಮ್ಮೂರು ಬೆಳಗಾಂ ಅಂತಲೇ ಇರುತ್ತದೆ.

ಡಿಗ್ರಿ, ಮಾರ್ಕ್ಸ್ ಕಾರ್ಡಿಗೆ ಅಪೊಸ್ಟಿಲ್ ಮುದ್ರೆ ಬೇಕಾಗಬಹುದು. ಕಾಗದ ಅಸಲಿ ಅಂತ ನಮ್ಮ ಸರ್ಕಾರ ಹಾಕುವ ಮುದ್ರೆ ಅದು, ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು ಅದನ್ನು ಒಪ್ಪುತ್ತವೆ. ಭಾರತ ಆ ಒಪ್ಪಂದಕ್ಕೆ 2005ರಲ್ಲಿ ಸೇರಿತು, ಮಲಾವಿಯೂ ಅದರಲ್ಲಿದೆ. ಹಾಗಾಗಿ ನನಗೆ ಅಷ್ಟೇ ಸಾಕಾಯಿತು. ಒಪ್ಪಂದದಲ್ಲಿ ಇಲ್ಲದ ದೇಶಕ್ಕಾದರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ನರ್ಸುಗಳು ನರ್ಸಿಂಗ್ ಕೌನ್ಸಿಲ್‌ನಿಂದ ಗುಡ್ ಸ್ಟ್ಯಾಂಡಿಂಗ್ ಪತ್ರಕ್ಕೆ (ನೋಂದಣಿ ಸರಿಯಾಗಿದೆ, ದೂರಿಲ್ಲ ಅನ್ನುವ ಪತ್ರ) ಬೇಗ ಅರ್ಜಿ ಹಾಕಿ.

ಈಗ ಮನೆ. ನಮ್ಮನೆಯಲ್ಲಿ ಅವ್ವ ಮತ್ತು ತಮ್ಮ. ಅವ್ವನ ಬಿಪಿ ಮಾತ್ರೆ, ಗ್ಯಾಸ್, ಲೈಟ್ ಬಿಲ್, ಎಲ್‌ಐಸಿ ಕಂತು ಎಲ್ಲ ನನ್ನ ಕೈಯಲ್ಲೇ ಇತ್ತು. ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಟ್ಟೆ. ಆದರೆ ಬರೆದಿಟ್ಟರೆ ಸಾಲದು ಅನ್ನಿಸಿತು. ಹೊರಡಲು ಒಂದೂವರೆ ತಿಂಗಳಿರುವಾಗ ತಮ್ಮನಿಗೆ ಹೇಳಿದೆ: ನಾಳೆಯಿಂದ ಹದಿನೈದು ದಿನ ನಾನು ಊರಲ್ಲಿಲ್ಲ ಅಂತ ತಿಳಿ. ಮನೆಯಲ್ಲೇ ಇದ್ದೆ, ಆದರೆ ಯಾವುದಕ್ಕೂ ಕೈ ಹಾಕಲಿಲ್ಲ. ಒಂಬತ್ತನೇ ದಿನ ಅವ್ವ ಹಂಚಿನ ಮೇಲೆ ರೊಟ್ಟಿ ಹಾಕಿದ್ದಳು, ಒಂದು ಮಗ್ಗುಲು ಬೆಂದಿತ್ತು, ಗ್ಯಾಸ್ ಮುಗಿಯಿತು. ತಮ್ಮ ಎರಡನೇ ಸಿಲಿಂಡರ್ ಬುಕ್ ಮಾಡಿರಲೇ ಇಲ್ಲ. ಪಕ್ಕದ ಮನೆಯ ಒಲೆಯ ಮೇಲೆ ಉಳಿದ ರೊಟ್ಟಿ ಬೇಯಿಸಿಕೊಂಡು ಬಂದರು. ಹನ್ನೊಂದನೇ ದಿನ ಇನ್ನೊಂದು ಗೊತ್ತಾಯಿತು. ಅವ್ವನಿಗೆ ಓದಲು ಬರುವುದಿಲ್ಲ. ಅವಳು ಮಾತ್ರೆಯನ್ನು ಪೊಟ್ಟಣದ ಬಣ್ಣ ನೋಡಿ ಗುರುತು ಹಿಡಿಯುತ್ತಿದ್ದಳು. ತಮ್ಮ ತಂದದ್ದು ಅದೇ ಮಾತ್ರೆ, ಆದರೆ ಬೇರೆ ಕಂಪನಿಯದು, ಪೊಟ್ಟಣದ ಬಣ್ಣ ಬೇರೆ. ಅವ್ವ ನುಂಗದೆ ಎರಡು ದಿನ ಸುಮ್ನೆ ಇಟ್ಟಿದ್ದಳು. ಇದು ನಾನು ಮಲಾವಿಯಲ್ಲಿದ್ದಾಗ ಆಗಿದ್ದರೆ? ಅವತ್ತೇ ಎರಡು ಸ್ಟೀಲ್ ಡಬ್ಬಿ ತಂದೆ, ಮುಚ್ಚಳದ ಮೇಲೆ ಒಂದಕ್ಕೆ ಸೂರ್ಯ, ಒಂದಕ್ಕೆ ಚಂದ್ರ ಬರೆದೆ. ಮಾತ್ರೆ ತುಂಬುವ ಕೆಲಸ ತಮ್ಮನಿಗೆ.

ನನ್ನ ಕೇಳಿದರೆ ಇಡೀ ತಯಾರಿಯಲ್ಲಿ ಈ ಹದಿನೈದು ದಿನವೇ ದೊಡ್ಡದು. ದಯವಿಟ್ಟು ಇದನ್ನು ಬಿಡಬೇಡಿ.

ಬ್ಯಾಂಕ್ ಖಾತೆಗೆ ಮನೆಯವರೊಬ್ಬರನ್ನು ಜಂಟಿಯಾಗಿ ಸೇರಿಸಿ, ನಾಮಿನಿ ಹೆಸರು ನೋಡಿಕೊಳ್ಳಿ. ನಿಮ್ಮ ಇಲ್ಲಿನ ಸಿಮ್ ಬಂದ್ ಆಗದಂತೆ ರೀಚಾರ್ಜ್ ಮಾಡುವ ಜವಾಬ್ದಾರಿ ಒಬ್ಬರಿಗೆ ಕೊಡಿ. ಅಲ್ಲಿಂದ ಏನೇ ಹಣದ ಕೆಲಸ ಮಾಡಿದರೂ ಓಟಿಪಿ ಬರುವುದು ಅದಕ್ಕೇ ಅಲ್ವಾ. ಫೋನಿಗೆ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಮಲಾವಿ ನಮಗಿಂತ ಮೂರೂವರೆ ಗಂಟೆ ಹಿಂದೆ. ಅವ್ವ ಸಂಜೆ ಏಳಕ್ಕೆ ದೀಪ ಹಚ್ಚಿ ಕೂತಾಗ ನನಗೆ ಮೂರೂವರೆ, ಡ್ಯೂಟಿ ನಡುವೆ ಐದು ನಿಮಿಷ ಸಿಗುತ್ತಿತ್ತು.

ಹಳದಿ ಜ್ವರದ ಲಸಿಕೆ ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಷ್ಟೇ. ನಾನು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಹಾಕಿಸಿದ ಹತ್ತು ದಿನದ ಮೇಲಷ್ಟೇ ಅಲ್ಲಿ ಕೊಡುವ ಲಸಿಕೆ ಕಾರ್ಡಿಗೆ ಬೆಲೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಆ ಜ್ವರವಿರುವ ದೇಶದಿಂದ ಕಾರ್ಡಿಲ್ಲದೆ ವಾಪಸ್ ಬಂದರೆ ಇಲ್ಲಿ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮಲೇರಿಯಾ ಮಾತ್ರೆ ಡಾಕ್ಟರನ್ನು ಕೇಳಿಯೇ ತಗೊಳ್ಳಿ. ಕೆಲವನ್ನು ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು, ನಡುವೆ ಬಿಡಬಾರದು.

ಬಟ್ಟೆ ಕಡಿಮೆ ಸಾಕು. ಆದರೆ ಇಸ್ತ್ರಿಗೆ ತಡೆಯುವ ಬಟ್ಟೆಯೇ ಇರಲಿ. ಅಲ್ಲಿ ಒಂದು ಜಾತಿಯ ನೊಣ ಹೊರಗೆ ಒಣಹಾಕಿದ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತದೆ, ಹುಳ ಚರ್ಮದೊಳಗೆ ಸೇರುತ್ತದೆ. ಒಳಬಟ್ಟೆಗೂ ಬಿಸಿ ಇಸ್ತ್ರಿ ಹಾಕಲೇಬೇಕು. ಅಲ್ಲಿನವರಿಗೆ ಕೊಡಲು ನಾನು ಗುಳೇದಗುಡ್ಡ ಖಣ ಒಯ್ದಿದ್ದೆ. ಭಾರವಿಲ್ಲ, ಒಡೆಯುವುದಿಲ್ಲ.

ಅವ್ವ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಹಳೇ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವಳು. ನಾನು ಬ್ಯಾಗ್ ತುಂಬುವುದನ್ನು ನೋಡಿ ಅಂದಳು: "ಮೊದಲನೇ ರಾತ್ರಿಗೆ ಏನ್ ಬೇಕು ಅದನ್ನ ಕಡೀಕ ಕಟ್ಟವಾ. ಹೊಸ ಮನ್ಯಾಗ ಕತ್ತಲಾಗ ಹುಡುಕೂದು ಆಗಂಗಿಲ್ಲ." ಹಾಗಾಗಿ ಒಂದು ಸಣ್ಣ ಚೀಲ ಬೇರೆ ಮಾಡಿದೆ: ಟಾರ್ಚ್, ಚಾದರ, ಸೊಳ್ಳೆ ಪರದೆ, ಒಂದು ಲೋಟ, ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿದ ಹತ್ತು ಖಡಕ್ ರೊಟ್ಟಿ, ಗುರೆಳ್ಳು ಚಟ್ನಿಪುಡಿ. ತಿನ್ನುವ ಪದಾರ್ಥ ಒಯ್ಯುವ ಮುಂಚೆ ಆ ದೇಶದ ನಿಯಮ ಕೇಳಿಕೊಳ್ಳಿ, ಕೆಲವು ಕಡೆ ಬಿಡುವುದಿಲ್ಲ.

ನಾನು ಮಲಾವಿ ಮುಟ್ಟಿದ ರಾತ್ರಿ ಕರೆಂಟ್ ಇರಲಿಲ್ಲ. ಟಾರ್ಚ್ ಹಚ್ಚಿ ಪರದೆ ಕಟ್ಟಿದೆ. ಪಕ್ಕದ ಕೋಣೆಯ ನರ್ಸ್ ಬಾಗಿಲು ಬಡಿದು "ಮುಲಿ ಬ್ವಾಂಜಿ" ಅಂದಳು, ಹೇಗಿದ್ದೀರಿ ಅಂತ. ಅವಳ ತಟ್ಟೆಯಲ್ಲಿ ಮೆಕ್ಕೆಜೋಳದ ಹಿಟ್ಟಿನ ನ್ಸಿಮಾ ಇತ್ತು, ನೋಡಲು ನಮ್ಮ ಸಂಗಟಿಯಂತೆಯೇ. ನಾನು ಚಟ್ನಿಪುಡಿ ಡಬ್ಬಿ ಬಿಚ್ಚಿದೆ.