ಪ್ಯಾರಡೈಸ್‌ಗೆ ಹಿಂಬಾಗಿಲಿನಿಂದ: ನನ್ನ ಅನುಭವ

ಗೋಕರ್ಣದ ಪ್ಯಾರಡೈಸ್ ಬೀಚ್ ಈಗ ಸಂತೆಯಾಗಿದೆ, ಅಲ್ಲಿ ಏಕಾಂತ ಹುಡುಕಬೇಡ ಅಂತ ನಮ್ಮ ಟ್ರೆಕ್ಕಿಂಗ್ ಬಳಗದವರೆಲ್ಲ ಹೇಳುತ್ತಿದ್ದರು. ಅಂಡಮಾನಿಗೆ ಹೋಗು ಅಂತ ಒಬ್ಬರ ಸಲಹೆ. ಖರ್ಚು ಅವರಪ್ಪ ಕೊಡ್ತಾರಾ? ಕಳೆದ ಜನವರಿಯಲ್ಲಿ ನಾನು, ಹೆಂಡತಿ, ಭಾವ ಪ್ಯಾರಡೈಸ್‌ನಲ್ಲೇ ಹೆಚ್ಚುಕಡಿಮೆ ಎರಡೂವರೆ ಗಂಟೆ ಕೂತಿದ್ದೆವು. ನಮ್ಮನ್ನು ಬಿಟ್ಟರೆ ಅಲ್ಲಿಗೆ ಬಂದದ್ದು ಒಂದು ನಾಯಿ ಮಾತ್ರ. ಫೋಟೋ ಕಳಿಸಿದ ಮೇಲೆ ಬಳಗದವರ ಬಾಯಿ ಬಂದ್.

ಮೊದಲು ನಾನೂ ಎಲ್ಲರಂತೆ ಓಂ ಬೀಚಿನ ಕಡೆಯಿಂದಲೇ ಹೋಗುತ್ತಿದ್ದೆ. ಡಿಸೆಂಬರ್ ಕೊನೆಯ ವಾರ ದೋಣಿಗೆ ತಲೆಗೆ 500ರ ಮೇಲೆ ಕೇಳಿದರು. ಕಡಲ ಬದಿಯ ಗುಡಿಸಲಿಗೆ ನಾಲ್ಕು ಸಾವಿರ. ಬೇರೆ ದಿನ ಅದೇ ಗುಡಿಸಲು ಸಾವಿರದೊಳಗೆ ಸಿಗುತ್ತದೆ. ಅಷ್ಟು ಕೊಟ್ಟು ಹೋದರೆ ಹಿಂದೆ ಮುಂದೆ ದೋಣಿಗಳ ಸಾಲು, ಒಂದರಲ್ಲಿ ಸ್ಪೀಕರ್ ಬೇರೆ.

ದಸರಾ ರಜೆಯಲ್ಲಿ ಹೋದಾಗ ಜನ ಕಮ್ಮಿ ಇದ್ದರು, ಆದರೆ ಮರಳೇ ಇರಲಿಲ್ಲ. ಮಳೆಗಾಲದ ತೆರೆ ಅದನ್ನು ಎಳೆದುಕೊಂಡು ಹೋಗಿರುತ್ತದೆ, ವಾಪಸ್ ಬಂದು ಕೂರುವುದು ನಿಧಾನ. ಅಕ್ಟೋಬರಿನಲ್ಲಿ ನನ್ನ ಎದೆಮಟ್ಟ ಇದ್ದ ಒಂದು ಕಪ್ಪು ಬಂಡೆ ಜನವರಿಯಲ್ಲಿ ಮರಳಲ್ಲಿ ಹೂತು, ಕೂರುವ ಮಣೆಯಷ್ಟೇ ಮೇಲೆ ಉಳಿದಿತ್ತು. ಹಾಗಾಗಿ ಸಂಕ್ರಾಂತಿ ಆದ ಮೇಲೆ, ಶಿವರಾತ್ರಿಯ ಜನ ಬರುವ ಮೊದಲು, ವಾರದ ನಡುವೆ ಹೋಗಬೇಕು. ಇನ್ನು ಟೆಂಟಿನ ಆಸೆ ಬಿಡಿ. ರಾತ್ರಿ ಉಳಿಯಲು ಬಿಡಲ್ಲ, ನಮ್ಮನ್ನೂ ಒಮ್ಮೆ ಎಬ್ಬಿಸಿ ಕಳಿಸಿದ್ದಾರೆ.

ಈ ಸಲ ದಾರಿ ತಿರುಗಿಸಿದೆ. ಹಿಂದಿನ ದಿನವೇ ಬಂದು ಗೋಕರ್ಣ ಪೇಟೆಯಲ್ಲಿ 900ರ ರೂಮಿನಲ್ಲಿ ಮಲಗಿದೆವು. ರೈಲಿಳಿದು ನೇರ ಹೋಗುವ ಲೆಕ್ಕ ನಂಬಬೇಡಿ, ಅದು ತಡವಾದರೆ ಬಿಸಿಲೇರಿದ ಮೇಲೆ ತಲುಪುತ್ತೀರಿ. ಬೆಳಗಿನ ಜಾವ ಐದೂವರೆಗೆ ಆಟೋದಲ್ಲಿ ಪ್ಯಾರಡೈಸ್‌ನ ಇನ್ನೊಂದು ಬದಿಯ ಹಳ್ಳಿ ಬೇಲೇಕಾನಕ್ಕೆ, 350 ಇರಬೇಕು. ಅಲ್ಲಿಂದ ಗುಡ್ಡದಂಚಿನ ಕಾಲುದಾರಿ, ಅರ್ಧ ಗಂಟೆ. ಓಂ ಕಡೆಯ ದೋಣಿಗಳು ಬರುವುದು ಒಂಬತ್ತು ದಾಟಿದ ಮೇಲೆ. ಪೂರ್ವಕ್ಕೆ ಗುಡ್ಡ ಇರುವುದರಿಂದ ಅಲ್ಲಿಯವರೆಗೆ ಬಿಸಿಲೂ ಜಾಸ್ತಿ ತಾಗಲ್ಲ. ಮೊದಲ ದೋಣಿ ಕಂಡದ್ದೇ ಓಂ ದಾರಿಯಲ್ಲಿ ನಡುವೆ ಸಿಗುವ ಹಾಫ್ ಮೂನ್ ಬೀಚಿನ ಕಡೆ ಹೊರಟೆವು. ಆಮೇಲೆ ಓಂ, ಕುಡ್ಲೆ ಬೀಚುಗಳು, ಪೇಟೆಯಲ್ಲಿ ಊಟ.

ದಿನ ಆರಿಸುವುದಕ್ಕೆ ನಾನು ಆ್ಯಪ್ ನೋಡಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ಹುಣ್ಣಿಮೆಯಂದು ಅಲ್ಲಿ ಬೆಳಗಿನ ಜಾವ ಐದರ ಸುಮಾರಿಗೆ ಇಳಿತ. ದಿನಕ್ಕೆ ಮುಕ್ಕಾಲು ಗಂಟೆ ಚಿಲ್ಲರೆ ಮುಂದೆ ಹೋಗುತ್ತದೆ. ಅಂದರೆ ಚೌತಿ–ಪಂಚಮಿಗೆ ಎಂಟು, ಒಂಬತ್ತು. ಮರಳು ಅಗಲವಾಗಿ ಬಿಚ್ಚಿಕೊಂಡಿರುವ ಹೊತ್ತು ನಮ್ಮದೇ. ಅಮಾವಾಸ್ಯೆ ಲೆಕ್ಕದಲ್ಲೂ ನೀರು ಹೀಗೇ ಇಳಿಯುತ್ತದೆ, ಆದರೆ ಹುಣ್ಣಿಮೆ ಕಳೆದ ಚೌತಿಗೆ ಬೆಳಗಿನ ಜಾವ ಚಂದ್ರ ಪಡುವಣದಲ್ಲಿ ಇನ್ನೂ ಮೇಲೇ ಇರುತ್ತಾನೆ. ಕಾಲುದಾರಿಗೆ ಟಾರ್ಚ್ ಅಷ್ಟಾಗಿ ಬೇಕಾಗಲಿಲ್ಲ. ಭಾವ ಇದನ್ನು ಜ್ಯೋತಿಷ್ಯ ಅಂತ ನಕ್ಕಿದ್ದರು. ಆಮೇಲೆ ಅವರೇ ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಾರೆ.

ಇದೇ ಸೂತ್ರವನ್ನು ಮಾಜಾಳಿಯ ತಿಳಮಾತಿಯಲ್ಲೂ ಪರೀಕ್ಷಿಸಿದೆ, ಗೋವಾ ಗಡಿಯ ಹತ್ತಿರದ ಕಪ್ಪು ಮರಳಿನ ಬೀಚ್. ಅರ್ಧ ಕೆಲಸ ಮಾಡಿತು. ಜನ ಇರಲಿಲ್ಲ, ಆದರೆ ಕಪ್ಪು ಮರಳು ಬೇಗ ಕಾಯುತ್ತದೆ. ಹತ್ತೂವರೆಗೆಲ್ಲ ಬರಿಗಾಲಲ್ಲಿ ಕುಣಿಯಬೇಕಾಯಿತು. ಅಲ್ಲಿಗೆ ಇನ್ನೂ ಬೇಗ ಹೋಗಬೇಕು.

ಪ್ಯಾರಡೈಸ್‌ನಲ್ಲಿ ಜೀವರಕ್ಷಕರು ಯಾರೂ ಕಾಣಲಿಲ್ಲ, ಮೊಣಕಾಲಿಗಿಂತ ಆಳಕ್ಕೆ ನಾವು ಇಳಿಯಲೂ ಇಲ್ಲ. ತಲೆಗೆ ಮೂರು ಲೀಟರ್ ನೀರು ಹೊತ್ತೆವು, ಖಾಲಿ ಬಾಟಲಿ ವಾಪಸ್ ತಂದೆವು. ರೈಲು ಬಿಟ್ಟು ಮೂವರಿಗೂ ಸೇರಿ ಎರಡೂವರೆ ಸಾವಿರದ ಒಳಗೆ ಮುಗಿಯಿತು. ಬೇಲೇಕಾನದಲ್ಲಿ ಆರು ಗಂಟೆಗೇ ಚಹಾ, ಬಿಸಿ ದೋಸೆ ಕೊಟ್ಟ ಮನೆ ಯಾವುದು ಅಂತ ಮಾತ್ರ ಕೇಳಬೇಡಿ. ಹಾಫ್ ಮೂನ್‌ಗೆ ಹೋಗುವಾಗ ದಾರಿ ಎರಡಾಗುವ ಕಡೆ ಎತ್ತ ತಿರುಗಬೇಕು ಅನ್ನೋದನ್ನೂ ಹೇಳಲ್ಲ.